ಆಮೆಯ ಮೂಗಿನಲ್ಲಿ ಗುಳ್ಳೆ ಕಂಡರೆ: ಬಳ್ಳಾರಿ ಸೀಮೆಯ ಮನೆಯಲ್ಲಿ ಆರೈಕೆ ಹೇಗೆ?

ಎರಡು ವರ್ಷದ ಹಿಂದಿನ ಡಿಸೆಂಬರ್. ನಮ್ಮ ಗುಂಡ ಬೆಳಿಗ್ಗೆ ಗೂಡಿನಿಂದ ಹೊರಗೆ ಬರಲಿಲ್ಲ. ಗುಂಡ ಸಲ್ಕಾಟಾ ಜಾತಿಯ ನೆಲದ ಆಮೆ, ಆಗ 1,340 ಗ್ರಾಂ ತೂಗುತ್ತಿದ್ದ. ಎತ್ತಿ ನೋಡಿದರೆ ಒಂದು ಹೊಳ್ಳೆಯಲ್ಲಿ ಸೋಪಿನ ನೊರೆಯಂಥ ಗುಳ್ಳೆ. ಉಸಿರು ಬಿಟ್ಟಾಗ ಉಬ್ಬುತ್ತಿತ್ತು, ಎಳೆದಾಗ ಒಡೆಯುತ್ತಿತ್ತು. ಪಕ್ಕದ ಮನೆಯ ಅಜ್ಜಿ ಇಣುಕಿ ನೋಡಿ, "ಆಮಿಗೂ ನೆಗಡಿ ಬರ್ತೈತೇನಪಾ?" ಎಂದು ಕೇಳಿದರು.

ಬರುತ್ತದೆ. ಆದರೆ ನಮ್ಮ ನೆಗಡಿಯ ಹಾಗೆ ನಾಲ್ಕು ದಿನಕ್ಕೆ ತಾನಾಗಿ ಹೋಗುವುದಿಲ್ಲ. ಕಾರಣ ಸರಳ. ಆಮೆಗೆ ಕೆಮ್ಮಲು ಆಗುವುದಿಲ್ಲ. ನಮ್ಮ ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ ಅದಕ್ಕೆ ಇಲ್ಲ. ಪಕ್ಕೆಲುಬುಗಳು ಚಿಪ್ಪಿಗೇ ಬೆಸೆದುಕೊಂಡಿವೆ, ಹಾಗಾಗಿ ಎದೆ ಹಿಗ್ಗುವುದಿಲ್ಲ. ಕಾಲಿನ ಸಂದು ಮತ್ತು ಹೊಟ್ಟೆಯ ಸ್ನಾಯುಗಳ ಎಳೆತದಿಂದಲೇ ಗಾಳಿ ಒಳಗೆ ಹೊರಗೆ ಓಡಾಡಬೇಕು. ಶ್ವಾಸಕೋಶ ಮೇಲ್ಚಿಪ್ಪಿಗೆ ಒತ್ತಿಕೊಂಡಂತೆ ಇರುತ್ತದೆ. ಅಲ್ಲಿ ಕಫ ಕೂತರೆ ಹೊರಗೆ ಹಾಕುವ ದಾರಿ ಕಡಿಮೆ. ಮೂಗಿನ ಗುಳ್ಳೆ ನ್ಯುಮೋನಿಯಾ ಆಗುವುದು ಹೀಗೆ.

ನಾನು ಹತ್ತು ದಿನ ಕಳೆದುಕೊಂಡೆ. ಸಾಕುಪ್ರಾಣಿ ಅಂಗಡಿಯೊಂದರಲ್ಲಿ ಕೇಳಿದಾಗ, "ಚಳಿಗಾಲದ ನಿದ್ದೆ ಸರ್, ಸುಮ್ನೆ ಬಿಡಿ, ಏಳುತ್ತೆ" ಎಂದಿದ್ದರು. ನಂಬಿಬಿಟ್ಟೆ. ಸಲ್ಕಾಟಾ ಚಳಿಗಾಲದ ನಿದ್ದೆಗೆ ಹೋಗುವ ಜಾತಿಯೇ ಅಲ್ಲ. ಡಿಸೆಂಬರ್‌ನಲ್ಲಿ ನಿಮ್ಮ ಸಲ್ಕಾಟಾ ತಿನ್ನದೆ ಬಿದ್ದುಕೊಂಡಿದ್ದರೆ ಅದು ನಿದ್ದೆಯಲ್ಲ. ಒಂದೋ ಚಳಿ, ಇಲ್ಲವೇ ಕಾಯಿಲೆ. ಆ ಹತ್ತು ದಿನ ನಿಮಗೂ ಹೋಗಬಾರದು ಎಂದೇ ಇದನ್ನು ಬರೆಯುತ್ತಿದ್ದೇನೆ.

ನಿಜವಾಗಿ ಕಾಯಿಲೆಯೇ ಎಂದು ನೋಡಿಕೊಳ್ಳಿ

ಮೂಗು ಒದ್ದೆಯಾದ ಕೂಡಲೇ ಗಾಬರಿ ಬೇಡ. ನೀರು ಕುಡಿದ ಮೇಲೆ, ಹಸಿ ಸೊಪ್ಪು ತಿಂದ ಮೇಲೆ ಮೂಗು ಒದ್ದೆಯಾಗುತ್ತದೆ. ಒಂದು ಗಂಟೆ ಬಿಟ್ಟು ಮತ್ತೆ ನೋಡಿ. ಒಣಗಿದ್ದರೆ ಸರಿ.

ಗುಳ್ಳೆ ಮತ್ತೆ ಮತ್ತೆ ಬರುತ್ತಿದ್ದರೆ, ಹೊಳ್ಳೆಯ ಸುತ್ತ ಒಣ ಪೊರೆ ಕಟ್ಟಿದ್ದರೆ, ಕಣ್ಣು ಊದಿಕೊಂಡಿದ್ದರೆ ಅದು ಕಾಯಿಲೆಯ ಲಕ್ಷಣ. ಕಿವಿ ಹತ್ತಿರ ಇಟ್ಟು ಕೇಳಿ. ಸೀಟಿಯಂಥ ಸದ್ದು ಅಥವಾ ಟಿಕ್ ಟಿಕ್ ಸದ್ದು ಬರುತ್ತಿದೆಯಾ? ಇದೆಲ್ಲಕ್ಕಿಂತ ಗಂಭೀರವಾದದ್ದು ಬಾಯಿ ತೆರೆದು ಉಸಿರಾಡುವುದು. ಕತ್ತು ಮುಂದಕ್ಕೆ ಚಾಚಿ, ಬಾಯಿ ತೆರೆದು, ಪ್ರತಿ ಉಸಿರಿಗೂ ಮುಂಗಾಲು ಅಲುಗಿಸುತ್ತಿದ್ದರೆ ಅವತ್ತೇ ಡಾಕ್ಟರ್ ಬಳಿ ಹೋಗಬೇಕು, ನಾಳೆ ಎನ್ನಬೇಡಿ.

ನಮ್ಮ ಕಡೆಯವರು ಇನ್ನೊಂದನ್ನು ತಿಳಿದಿರಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ನೆರಳಿಲ್ಲದ ಕಡೆ ಸಿಕ್ಕಿಕೊಂಡ ಆಮೆಯ ಬಾಯಲ್ಲಿ ನೊರೆ ಬರುತ್ತದೆ, ಬಾಯಿ ತೆರೆದು ಏದುಸಿರು ಬಿಡುತ್ತದೆ. ನೋಡಲು ಒಂದೇ ರೀತಿ ಕಂಡರೂ ಇದು ಬಿಸಿಲಿನ ಹೊಡೆತ. ಆಗ ಬಲ್ಬ್ ಹಾಕಿ ಬೆಚ್ಚಗೆ ಮಾಡಿದರೆ ಸತ್ತೇ ಹೋಗುತ್ತದೆ. ತಕ್ಷಣ ನೆರಳಿಗೆ ತಂದು ಸಾದಾ ತಂಪಿನ ನೀರಿನಲ್ಲಿ ಇಡಿ. ಐಸ್ ನೀರು ಬೇಡ. ಚೇತರಿಸಿಕೊಂಡ ಮೇಲೂ ಡಾಕ್ಟರ್‌ಗೆ ತೋರಿಸಿ. ಮುಂದಿನ ಹಂತಗಳೆಲ್ಲ ಚಳಿಯಿಂದ, ಸೋಂಕಿನಿಂದ ಬಂದ ಕಾಯಿಲೆಗೆ ಮಾತ್ರ.

ಮೊದಲ ದಿನ: ಬೆಚ್ಚಗೆ ಮಾಡಿ

ಆಮೆಯ ಮೈ ತಾನಾಗಿ ಬಿಸಿಯಾಗುವುದಿಲ್ಲ. ಸುತ್ತಲಿನ ಗಾಳಿ 18 ಡಿಗ್ರಿ ಇದ್ದರೆ ಅದರ ರಕ್ತವೂ ಆ ಮಟ್ಟಕ್ಕೇ ಇಳಿಯುತ್ತದೆ. ತಣ್ಣಗಿನ ಮೈಯಲ್ಲಿ ರೋಗದ ವಿರುದ್ಧ ಹೋರಾಟ ನಡೆಯುವುದಿಲ್ಲ, ಔಷಧಿಯೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಅದಕ್ಕೇ ಡಾಕ್ಟರ್ ಸಿಗುವ ಮೊದಲೇ ಈ ಕೆಲಸ ಶುರುವಾಗಬೇಕು.

"ಇದು ಸಹಾರಾ ಕಡೆಯ ಪ್ರಾಣಿ, ಬಳ್ಳಾರಿ ಬಿಸಿಲಿಗೆ ಹೇಳಿ ಮಾಡಿಸಿದ್ದು" ಎಂದು ಜನ ಹೇಳುತ್ತಾರೆ. ಹಗಲಿಗೆ ಆ ಮಾತು ಸರಿ. ಆದರೆ ಸಹಾರಾದ ದಕ್ಷಿಣ ಅಂಚಿನಲ್ಲಿ ಸಲ್ಕಾಟಾ ಆಳವಾದ ಬಿಲ ತೋಡಿಕೊಂಡು ಬದುಕುತ್ತದೆ. ಬಿಲದೊಳಗೆ ಹಗಲು ಸುಡುವುದಿಲ್ಲ, ರಾತ್ರಿ ಕೊರೆಯುವುದಿಲ್ಲ, ಗಾಳಿಯಲ್ಲಿ ಸ್ವಲ್ಪ ತೇವವೂ ಇರುತ್ತದೆ. ನಮ್ಮ ಮನೆಯಲ್ಲಿ ಬಿಲ ಎಲ್ಲಿದೆ? ಕಡಪಾ ಕಲ್ಲಿನ ನೆಲ ಇದೆ. ಡಿಸೆಂಬರ್ ಬೆಳಗಿನ ಜಾವ ಆ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ನೋಡಿ. ಆಮೆಯ ಕೆಳಚಿಪ್ಪು ಇಡೀ ರಾತ್ರಿ ಅದರ ಮೇಲೇ ಇರುತ್ತದೆ.

ಒಂದು ದೊಡ್ಡ ಪ್ಲಾಸ್ಟಿಕ್ ಟಬ್ ಅಥವಾ ಮರದ ಪೆಟ್ಟಿಗೆ ತೆಗೆದುಕೊಳ್ಳಿ. ಕೆಳಗೆ ಥರ್ಮೋಕೋಲ್ ಹಾಳೆ ಹಾಕಿ ನೆಲದಿಂದ ಬೇರೆ ಮಾಡಿ. ಒಂದು ಬದಿಗೆ ಮಾತ್ರ ಶಾಖ ಕೊಡಿ. ಸಾಕುಪ್ರಾಣಿಗಳಿಗೆಂದೇ ಬೆಳಕು ಕೊಡದ ಸೆರಾಮಿಕ್ ಹೀಟರ್ ಸಿಗುತ್ತದೆ, ರಾತ್ರಿಗೆ ಅದೇ ಒಳ್ಳೆಯದು, ಆಮೆಯ ನಿದ್ದೆ ಕೆಡುವುದಿಲ್ಲ. ಕೈಗೆ ಸಿಗುವವರೆಗೆ ಹಳೆಯ ಕಾಲದ 60 ವ್ಯಾಟ್ ತಂತಿ ಬಲ್ಬ್ ನಡೆಯುತ್ತದೆ. ಎಲ್‌ಇಡಿ ಬಲ್ಬ್‌ನಿಂದ ಶಾಖ ಬರುವುದಿಲ್ಲ. ಹೋಲ್ಡರ್ ಪಿಂಗಾಣಿಯದೇ ಇರಲಿ, ಪ್ಲಾಸ್ಟಿಕ್ ಹೋಲ್ಡರ್ ಕರಗಿ ಬೆಂಕಿ ಹತ್ತಬಹುದು. ಆಮೆಯ ಬೆನ್ನಿಗೆ ಒಂದು ಅಡಿಯಾದರೂ ದೂರದಲ್ಲಿ, ಸರಪಳಿಯಿಂದ ಗಟ್ಟಿಯಾಗಿ ತೂಗುಹಾಕಿ.

ಬಿಸಿ ಬದಿಯಲ್ಲಿ 32ರಿಂದ 34 ಡಿಗ್ರಿ, ಇನ್ನೊಂದು ಬದಿಯಲ್ಲಿ 28ರ ಆಸುಪಾಸು ಇರಲಿ. ರಾತ್ರಿಯೂ 27ಕ್ಕಿಂತ ಕೆಳಗೆ ಇಳಿಯಬಾರದು. ಕೈಯಿಟ್ಟು ಅಂದಾಜು ಮಾಡಬೇಡಿ. ತಂತಿ ಇರುವ ಡಿಜಿಟಲ್ ಥರ್ಮಾಮೀಟರ್‌ಗೆ ಜಾಸ್ತಿ ದುಡ್ಡಾಗುವುದಿಲ್ಲ, ಎರಡು ತನ್ನಿ. ತಂತಿಯ ತುದಿಯನ್ನು ಆಮೆಯ ಬೆನ್ನಿನ ಎತ್ತರಕ್ಕೆ ಕಟ್ಟಿ. ಮೇಲೆ ಕಟ್ಟಿದರೆ ಬಲ್ಬ್‌ನ ಶಾಖವನ್ನೇ ಓದುತ್ತದೆ.

ಕರೆಂಟ್ ಹೋಗುವುದಕ್ಕೂ ಸಿದ್ಧವಾಗಿರಿ. ಮನೆಯಲ್ಲಿ ಯುಪಿಎಸ್ ಇದ್ದರೆ ಹೀಟರ್‌ನ ಪ್ಲಗ್ಗನ್ನು ಆ ಲೈನಿಗೆ ಹಾಕಿಸಿ. ಇಲ್ಲದಿದ್ದರೆ ಬಾಟಲಿಗೆ ಬಿಸಿನೀರು ತುಂಬಿ, ದಪ್ಪ ಟವೆಲ್ ಸುತ್ತಿ ಆಮೆಯ ಪಕ್ಕದಲ್ಲಿಟ್ಟು, ಟಬ್‌ನ ಮೇಲೆ ಕಂಬಳಿ ಹೊದಿಸಿ, ಗಾಳಿಗೆ ಒಂದು ಮೂಲೆ ಬಿಡಿ. ಬಾಟಲಿ ಎರಡು ಗಂಟೆ ತಡೆಯುತ್ತದೆ, ಆಮೇಲೆ ನೀರು ಬದಲಿಸಬೇಕು. ನಾವು ಸರತಿಯಂತೆ ಎದ್ದು ಬದಲಿಸಿದ್ದೇವೆ.

ಹಾಸಿಗೆ ತೆಗೆದುಹಾಕಿ, ಹೊಗೆ ನಿಲ್ಲಿಸಿ

ಗುಂಡನ ಗೂಡಿಗೆ ನಾನು ಹಾಕಿದ್ದು ಭತ್ತದ ಹೊಟ್ಟು. ಗಂಗಾವತಿ, ಸಿರುಗುಪ್ಪ ಕಡೆ ರೈಸ್ ಮಿಲ್ ಜಾಸ್ತಿ, ಚೀಲಗಟ್ಟಲೆ ಸಿಗುತ್ತದೆ. ಮೆತ್ತಗೆ ಬೆಚ್ಚಗೆ ಇರುತ್ತದೆ ಅಂದುಕೊಂಡೆ. ಎಕ್ಸ್‌ರೇ ನೋಡಿದ ಡಾಕ್ಟರ್ ಮೊದಲು ಕೇಳಿದ್ದೇ, "ಕೆಳಗೆ ಏನು ಹಾಸಿದ್ದೀರಿ?" ಎಂದು. ಹೊಟ್ಟಿನ ನುಣುಪು ಧೂಳು ಆಮೆಯ ಮೂಗಿನ ಮಟ್ಟದಲ್ಲೇ ಏಳುತ್ತದೆ. ನಾವು ಐದಡಿ ಮೇಲೆ ಉಸಿರಾಡುತ್ತೇವೆ, ಅದು ನೆಲದಿಂದ ಎರಡು ಇಂಚು ಮೇಲೆ. ಮರದ ಪುಡಿ, ಒಣ ಮರಳು, ಹೊಟ್ಟಿನ ಬೂದಿ ಎಲ್ಲವೂ ಅಷ್ಟೇ.

ಕಾಯಿಲೆ ಇರುವಷ್ಟು ದಿನ ಹಳೆಯ ಪೇಪರ್ ಅಥವಾ ಹತ್ತಿ ಬಟ್ಟೆ ಸಾಕು. ದಿನಾ ಬದಲಿಸಿ. ಪೇಪರ್‌ನ ಇನ್ನೊಂದು ಲಾಭ ಎಂದರೆ ಮಲ, ಮೂತ್ರ ಕಣ್ಣಿಗೆ ಕಾಣುತ್ತದೆ. ಆಮೆಯ ಮೂತ್ರದಲ್ಲಿ ಮೊಸರಿನಂಥ ಬಿಳಿ ಪದಾರ್ಥ ಇರುವುದು ಸಹಜ. ಅದು ಮರಳಿನಂತೆ ಗಟ್ಟಿಯಾಗಿದ್ದರೆ ಮೈಯಲ್ಲಿ ನೀರು ಕಡಿಮೆಯಾಗಿದೆ ಎಂದರ್ಥ.

ಸಂಡೂರು, ತೋರಣಗಲ್ಲು ಸುತ್ತಮುತ್ತ ಅದಿರಿನ ಧೂಳು, ಕುಡತಿನಿ ಮತ್ತು ಶಕ್ತಿನಗರದ ಕಡೆ ಉಷ್ಣ ವಿದ್ಯುತ್ ಸ್ಥಾವರಗಳ ಹಾರುಬೂದಿ. ಇದನ್ನು ನಾವು ನಿಲ್ಲಿಸಲಾಗುವುದಿಲ್ಲ. ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಬಹುದು, ರಸ್ತೆ ಬದಿಯ ಕಿಟಕಿಯಿಂದ ದೂರ ಇಡಬಹುದು. ಮನೆಯೊಳಗಿನ ಹೊಗೆಯಂತೂ ನಮ್ಮ ಕೈಯಲ್ಲೇ ಇದೆ. ಸೊಳ್ಳೆ ಬತ್ತಿ, ಅಗರಬತ್ತಿ, ಲೋಬಾನ ಆ ಕೋಣೆಯಲ್ಲಿ ಬೇಡ. ಮೆಣಸಿನಕಾಯಿ ಒಗ್ಗರಣೆಯ ಘಾಟು ಹೋಗುವ ಜಾಗವೂ ಬೇಡ.

ಮತ್ತೆ ಕೂಲರ್. ನಮ್ಮ ಊರುಗಳಲ್ಲಿ ಮಾರ್ಚ್‌ನಿಂದ ಜೂನ್‌ವರೆಗೆ ಕೂಲರ್ ಇಲ್ಲದೆ ಬದುಕಿಲ್ಲ ನಿಜ. ಅದು ಬಿಡುವುದು ತಣ್ಣಗಿನ, ಒದ್ದೆಯ, ಜೋರು ಗಾಳಿ. ರಾತ್ರಿಯಿಡೀ ನೆಲಮಟ್ಟದಲ್ಲಿ ಅದು ಬೀಸಿದರೆ ಬೇಸಿಗೆಯಲ್ಲೂ ಆಮೆಗೆ ನ್ಯುಮೋನಿಯಾ ಆಗಬಹುದು. ಬೆಚ್ಚಗಿನ ತೇವ ಆಮೆಗೆ ಒಳ್ಳೆಯದು, ತಣ್ಣಗಿನ ತೇವ ಕೆಟ್ಟದ್ದು. ಕೂಲರ್ ಇರುವ ಕೋಣೆಯಲ್ಲಿ ಆಮೆ ಮಲಗಬಾರದು.

ಡಾಕ್ಟರ್ ಬಳಿ

ಜಿಲ್ಲಾ ಕೇಂದ್ರಗಳಲ್ಲಿ ಪಶುಪಾಲನಾ ಇಲಾಖೆಯ ಪಾಲಿಕ್ಲಿನಿಕ್‌ಗಳಿವೆ. ಕೊಪ್ಪಳದವರಿಗೆ ಗದಗದ ಪಶುವೈದ್ಯಕೀಯ ಕಾಲೇಜು 60 ಕಿಲೋಮೀಟರ್ ಆಸುಪಾಸು. ರಾಯಚೂರಿನವರು ಬೀದರ್ ಕಾಲೇಜಿಗೆ ಹೋಗಬಹುದು. ನಾವು ಕೊನೆಗೆ ಬೆಂಗಳೂರಿಗೆ ಹೋದೆವು, ಅಲ್ಲಿ ಸರೀಸೃಪಗಳನ್ನು ನೋಡುವ ಡಾಕ್ಟರ್‌ಗಳು ಇದ್ದಾರೆ.

ದಿನವಿಡೀ ದನ, ಎಮ್ಮೆ, ಕುರಿ ನೋಡುವ ನಮ್ಮ ಡಾಕ್ಟರ್ ಆಮೆಯನ್ನು ನೋಡದೇ ಇರಬಹುದು. ಅದು ಅವರ ತಪ್ಪಲ್ಲ. ಗೌರವದಿಂದ ನೇರವಾಗಿ ಕೇಳಿ: "ಸರ್, ನೀವು ಆಮೆಗೆ ಚಿಕಿತ್ಸೆ ಕೊಟ್ಟಿದ್ದೀರಾ? ಇಲ್ಲದಿದ್ದರೆ ಅನುಭವ ಇರುವವರ ಜೊತೆ ಒಮ್ಮೆ ಫೋನ್‌ನಲ್ಲಿ ಮಾತಾಡ್ತೀರಾ?" ನಮಗೆ ಹೀಗೇ ಒಳ್ಳೆಯದಾಯಿತು. ಬೆಂಗಳೂರಿನ ಡಾಕ್ಟರ್ ಎಕ್ಸ್‌ರೇ ನೋಡಿ ಔಷಧಿ ಬರೆದರು, ಇಂಜೆಕ್ಷನ್‌ಗಳನ್ನು ಬಳ್ಳಾರಿಯ ಡಾಕ್ಟರೇ ಕೊಟ್ಟರು.

ಹೋಗುವಾಗ ನಾಲ್ಕು ಸಂಗತಿ ಜೊತೆಗಿರಲಿ. ಗ್ರಾಂ ಲೆಕ್ಕದಲ್ಲಿ ತೂಕ, ಏಕೆಂದರೆ ಔಷಧಿಯ ಪ್ರಮಾಣ ನಿಲ್ಲುವುದೇ ಅದರ ಮೇಲೆ. ಉಸಿರಾಟದ ವಿಡಿಯೋ, ಏಕೆಂದರೆ ಹೊಸ ಜಾಗದಲ್ಲಿ ಆಮೆ ತಲೆ ಒಳಗೆ ಎಳೆದುಕೊಂಡು ಕೂತುಬಿಡುತ್ತದೆ. ಗೂಡಿನ ಫೋಟೋ. ಹಗಲು ರಾತ್ರಿಯ ತಾಪಮಾನ ಬರೆದ ಚೀಟಿ.

ಕರೆದೊಯ್ಯಲು ಮೀನಿನವರು ಬಳಸುವಂಥ ಥರ್ಮೋಕೋಲ್ ಪೆಟ್ಟಿಗೆ ತುಂಬಾ ಒಳ್ಳೆಯದು. ಪಕ್ಕಗಳಲ್ಲಿ ತೂತು ಮಾಡಿ, ಟವೆಲ್ ಹಾಸಿ, ಸುತ್ತಿದ ಬಿಸಿನೀರಿನ ಬಾಟಲಿ ಒಂದು ಮೂಲೆಯಲ್ಲಿಡಿ. ಎ.ಸಿ. ಗಾಳಿ ನೇರವಾಗಿ ತಾಗದಂತೆ ನೋಡಿಕೊಳ್ಳಿ.

ಶ್ವಾಸಕೋಶದ ಎಕ್ಸ್‌ರೇಯನ್ನು ಮೇಲಿನಿಂದ ಮಾತ್ರ ತೆಗೆದರೆ ಸಾಲದು. ಪಕ್ಕದಿಂದ ಮತ್ತು ಮುಂದಿನಿಂದಲೂ ಬೇಕು. ಮುಂದಿನಿಂದ ತೆಗೆದರೆ ಎಡ, ಬಲ ಎರಡನ್ನೂ ಹೋಲಿಸಿ ನೋಡಬಹುದು. ಗುಂಡನ ಬಲಗಡೆ ಮಸುಕಾಗಿತ್ತು. ಮೂಗಿನ ಸ್ರಾವವನ್ನು ಲ್ಯಾಬ್‌ಗೆ ಕಳಿಸಿದರೆ ಯಾವ ಬ್ಯಾಕ್ಟೀರಿಯಾ, ಯಾವ ಆ್ಯಂಟಿಬಯೋಟಿಕ್‌ಗೆ ಬಗ್ಗುತ್ತದೆ ಎಂದು ತಿಳಿಯುತ್ತದೆ.

ಇಂಜೆಕ್ಷನ್ ಸಾಮಾನ್ಯವಾಗಿ ಮುಂಗಾಲಿಗೆ ಕೊಡುತ್ತಾರೆ. ಹಿಂಭಾಗದ ರಕ್ತ ಮೊದಲು ಮೂತ್ರಪಿಂಡಕ್ಕೆ ಹೋಗಬಹುದು ಎಂಬುದು ಇದಕ್ಕೆ ಕಾರಣ. ಆಮೆಯ ಮೈ ನಿಧಾನ, ಹಾಗಾಗಿ ಕೆಲವು ಔಷಧಿಗಳನ್ನು 72 ಗಂಟೆಗೊಮ್ಮೆ ಕೊಡುತ್ತಾರೆ. ಚಿಕಿತ್ಸೆ ವಾರಗಟ್ಟಲೆ ನಡೆಯುತ್ತದೆ. ನಾಲ್ಕನೇ ಇಂಜೆಕ್ಷನ್‌ಗೆ ಗುಂಡನ ಮೂಗು ಒಣಗಿತು. ಮನೆಯಲ್ಲಿ "ಸಾಕಲ್ವಾ ಇನ್ನು?" ಎಂದರು. ಸಾಕಾಗಲ್ಲ. ಮೂಗು ಒಣಗಿದ ಮಾತ್ರಕ್ಕೆ ಶ್ವಾಸಕೋಶ ತಿಳಿಯಾಗಿರುವುದಿಲ್ಲ. ಡಾಕ್ಟರ್ ಹೇಳಿದಷ್ಟೂ ಮುಗಿಸಿ.

ಇದನ್ನು ಮಾತ್ರ ಕೊಡಬೇಡಿ

ಐವರ್‌ಮೆಕ್ಟಿನ್. ಕುರಿ, ದನ, ನಾಯಿಗಳ ಹುಳಕ್ಕೆ ನಮ್ಮ ಹಳ್ಳಿಹಳ್ಳಿಯಲ್ಲೂ ಸಿಗುವ ಔಷಧಿ ಇದು. ಆಮೆಗೆ ಇದು ವಿಷ. ಪಾರ್ಶ್ವವಾಯು ಬಂದು ಸಾಯುತ್ತದೆ. ಜಂತು ಇರಬಹುದು ಎಂದು ಯಾರಾದರೂ ಇದನ್ನು ಕೊಡಲು ಬಂದರೆ ಕೈ ಅಡ್ಡ ಹಿಡಿದು ಬೇಡ ಎನ್ನಿ. ಯಾರಿಗೆ ಬೇಜಾರಾದರೂ ಪರವಾಗಿಲ್ಲ.

ವಿಟಮಿನ್ ಎ ಇಂಜೆಕ್ಷನ್ ಕೂಡ ಅಂದಾಜಿನ ಮೇಲೆ ಬೇಡ, ಜಾಸ್ತಿಯಾದರೆ ಚರ್ಮ ಸುಲಿದು ಬರುತ್ತದೆ. ಮೆಡಿಕಲ್ ಶಾಪ್‌ನ ನೆಗಡಿ ಮಾತ್ರೆ, ಮಕ್ಕಳ ಸಿರಪ್, ಮೂಗಿನ ಡ್ರಾಪ್ಸ್ ಬೇಡ. ವಿಕ್ಸ್, ನೀಲಗಿರಿ ಎಣ್ಣೆ, ಕರ್ಪೂರದ ಹಬೆಯೂ ಬೇಡ.

ದಿನದ ಆರೈಕೆ

ಬೆಳಿಗ್ಗೆ ಮೊದಲು ತೂಕ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು, ಆದರೆ ಅದನ್ನು ಮತ್ತೆ ಅಡುಗೆಗೆ ಬಳಸಬೇಡಿ. ಗುಂಡ 1,340ರಿಂದ 1,210ಕ್ಕೆ ಇಳಿದಿದ್ದ. ಹೊರಗಿನಿಂದ ನೋಡಿದರೆ ಗೊತ್ತೇ ಆಗುತ್ತಿರಲಿಲ್ಲ, ಚಿಪ್ಪು ಸೊರಗುವುದಿಲ್ಲವಲ್ಲ.

ಆಮೇಲೆ ಸ್ನಾನ. ಅಗಲವಾದ ಬೋಗುಣಿಯಲ್ಲಿ 30 ಡಿಗ್ರಿಯ ಉಗುರು ಬೆಚ್ಚಗಿನ ನೀರು. ಮೇಲ್ಚಿಪ್ಪು, ಕೆಳಚಿಪ್ಪು ಕೂಡುವ ಗೆರೆಯವರೆಗೆ ಮಾತ್ರ ನೀರಿರಲಿ, ಗದ್ದ ಮುಳುಗಬಾರದು. 15ರಿಂದ 20 ನಿಮಿಷ. ಕಾಯಿಲೆಯ ಆಮೆ ತಲೆ ಎತ್ತಲಾಗದೆ ಮುಳುಗಬಹುದು, ಪಕ್ಕದಲ್ಲೇ ಕೂತಿರಿ. ಆಮೆ ಕುಡಿಯುವುದರ ಜೊತೆಗೆ ನೀರಿನಲ್ಲಿ ಮಲ, ಮೂತ್ರವನ್ನೂ ಬಿಡುತ್ತದೆ. ಕೆಲವು ಆ್ಯಂಟಿಬಯೋಟಿಕ್‌ಗಳು ಮೂತ್ರಪಿಂಡಕ್ಕೆ ಭಾರ, ಮೈಯಲ್ಲಿ ನೀರು ಇರಲೇಬೇಕು. ಇಂಜೆಕ್ಷನ್ ದಿನ ಸ್ನಾನ ತಪ್ಪಿಸಬೇಡಿ. ಮುಗಿದ ಮೇಲೆ ಒರೆಸಿ ನೇರ ಬಿಸಿ ಬದಿಗೆ ಬಿಡಿ.

ಮೂಗಿನ ಹೊರಗಿನ ಪೊರೆಯನ್ನು ಉಗುರು ಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ಮೆಲ್ಲಗೆ ಒರೆಸಿ. ಹೊಳ್ಳೆಯೊಳಗೆ ಏನನ್ನೂ ತೂರಿಸಬೇಡಿ.

ಡಾಕ್ಟರ್ ಹೇಳಿದರೆ ನೆಬ್ಯುಲೈಸರ್. ಮಕ್ಕಳಿಗೆ ಬಳಸುವ ಯಂತ್ರವೇ ಸಾಕು. ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬಿಗೆ ತೂತು ಮಾಡಿ ಕೊಳವೆ ತೂರಿಸಿ. ಗಾಳಿ ಹೋಗಲು ಇನ್ನೂ ಎರಡು ಮೂರು ತೂತು ಇರಲಿ. ಆಮೆಯನ್ನು ಒಳಗಿಟ್ಟು ಸಲೈನ್ ಮಂಜು ಬಿಡಿ. ನಮಗೆ ಹೇಳಿದ್ದು ದಿನಕ್ಕೆ ಎರಡು ಸಲ, 15 ನಿಮಿಷ. ಡಬ್ಬಿಯನ್ನೂ ಬೆಚ್ಚಗಿನ ಜಾಗದಲ್ಲೇ ಇಡಿ, ಮಂಜು ತಣ್ಣಗಿರುತ್ತದೆ.

ಬಿಸಿಲು ಬೇಕು. ಗಾಜಿನ ಕಿಟಕಿಯ ಮೂಲಕ ಬರುವ ಬಿಸಿಲಿನಲ್ಲಿ ಆಮೆಗೆ ಬೇಕಾದ ಯುವಿ-ಬಿ ಕಿರಣ ಇರುವುದಿಲ್ಲ, ಗಾಜು ತಡೆದುಬಿಡುತ್ತದೆ. ಚಳಿಗಾಲದಲ್ಲಿ ಹತ್ತು ಗಂಟೆಯ ಹೊತ್ತಿಗೆ, ಗಾಳಿ ಬೀಸದ ಜಾಗದಲ್ಲಿ ಅರ್ಧ ಗಂಟೆ ಸಾಕು. ನೆರಳು ಪಕ್ಕದಲ್ಲೇ ಇರಬೇಕು. ಟಬ್ಬನ್ನು ಬಿಸಿಲಲ್ಲಿಟ್ಟು ಒಳಗೆ ಹೋಗಬೇಡಿ. ಪ್ಲಾಸ್ಟಿಕ್ ಟಬ್ ನಮ್ಮ ಬಿಸಿಲಿಗೆ ಬಾಣಲೆಯಂತೆ ಕಾಯುತ್ತದೆ.

ಊಟದ ವಿಷಯದಲ್ಲಿ ತಾಳ್ಮೆ ಬೇಕು. ಮೂಗು ಕಟ್ಟಿದ್ದರೆ ವಾಸನೆ ಬರುವುದಿಲ್ಲ, ವಾಸನೆ ಇಲ್ಲದೆ ಆಮೆ ತಿನ್ನುವುದಿಲ್ಲ. ಬಾಯಿಗೆ ತುರುಕಿದರೆ ಶ್ವಾಸನಾಳಕ್ಕೆ ಹೋಗುವ ಭಯ. ವಾರಗಟ್ಟಲೆ ತಿನ್ನದಿದ್ದರೆ ಡಾಕ್ಟರ್ ಕೊಳವೆಯಿಂದ ಕೊಡುತ್ತಾರೆ, ಅದು ಅವರ ಕೆಲಸ. ನೀವು ದಿನಾ ಮುಂದೆ ಇಡುತ್ತಿರಿ: ಗರಿಕೆ, ನುಗ್ಗೆಸೊಪ್ಪು, ಹಿಪ್ಪುನೇರಳೆ ಎಲೆ, ದಾಸವಾಳದ ಎಲೆ ಮತ್ತು ಹೂ. ನಮ್ಮ ಗುಡ್ಡಗಳಲ್ಲಿ ಪಾಪಾಸುಕಳ್ಳಿ ಬೇಕಾದಷ್ಟಿದೆ. ಮುಳ್ಳನ್ನು, ಕೂದಲಿನಂಥ ಸಣ್ಣ ಮುಳ್ಳನ್ನೂ ಬಿಡದಂತೆ, ಕೆರೆದು ಚೂರು ಮಾಡಿ ಕೊಡಿ, ಅದರಲ್ಲಿ ನೀರೂ ಇದೆ. ಅನ್ನ, ರೊಟ್ಟಿ, ಹಾಲು ಬೇಡ. ಹದಿನೇಳನೇ ದಿನ ಗುಂಡ ಒಂದು ಕೆಂಪು ದಾಸವಾಳ ಕಚ್ಚಿದ. ಮನೆಯವರೆಲ್ಲ ಟಬ್‌ನ ಸುತ್ತ ಕೂತುಬಿಟ್ಟೆವು.

ಮುಟ್ಟಿದ ಮೇಲೆ ಪ್ರತಿಸಲ ಸೋಪು ಹಾಕಿ ಕೈ ತೊಳೆಯಿರಿ. ಆಮೆಯ ಮೈಮೇಲೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಐದು ವರ್ಷದೊಳಗಿನ ಮಕ್ಕಳು ಮುಟ್ಟದಿರುವುದೇ ಒಳ್ಳೆಯದು. ಟಬ್ಬನ್ನು ಅಡುಗೆಮನೆಯ ಸಿಂಕ್‌ನಲ್ಲಿ ತೊಳೆಯಬೇಡಿ.

ನೀರಿನ ಆಮೆ ಇದ್ದರೆ

ಕೆಂಪು ಕಿವಿಯ ಸಣ್ಣ ಆಮೆಗಳನ್ನು ತುಂಬಾ ಜನ ಗಾಜಿನ ತೊಟ್ಟಿಯಲ್ಲಿ ಸಾಕುತ್ತಾರೆ. ಅದು ಒಂದು ಕಡೆಗೆ ವಾಲಿಕೊಂಡು ಈಜುತ್ತಿದ್ದರೆ ಒಂದು ಬದಿಯ ಶ್ವಾಸಕೋಶದಲ್ಲಿ ಕಫ ಕಟ್ಟಿರಬಹುದು. ಡಾಕ್ಟರ್‌ಗೆ ತೋರಿಸುವವರೆಗೆ ಹೆಚ್ಚು ಹೊತ್ತು ಒಣ, ಬೆಚ್ಚಗಿನ ಜಾಗದಲ್ಲಿಡಿ. ದಿನಕ್ಕೆ ಎರಡು ಮೂರು ಸಲ ಕಡಿಮೆ ಆಳದ ಬೆಚ್ಚನೆಯ ನೀರಿಗೆ ಬಿಡಿ.

ಇನ್ನೊಂದು ಆಮೆ ಇದ್ದರೆ, ನಕ್ಷತ್ರ ಆಮೆ ಇದ್ದರೆ

ಇನ್ನೊಂದು ಆಮೆ ಇದ್ದರೆ ಅವತ್ತೇ ಬೇರೆ ಕೋಣೆಗೆ ಕಳಿಸಿ. ಬಟ್ಟಲು, ಬೋಗುಣಿ ಬೇರೆಬೇರೆ ಇರಲಿ. ಮೈಕೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಮೂಗಿನ ಸ್ರಾವದಿಂದ ಹರಡುತ್ತದೆ. ವಾಸಿಯಾದಂತೆ ಕಂಡ ಆಮೆಯಲ್ಲೂ ಅದು ಉಳಿದಿರಬಹುದು. ಹೊಸದಾಗಿ ತಂದ ಆಮೆಯನ್ನು ಮೂರು ತಿಂಗಳಾದರೂ ಬೇರೆ ಇಡಬೇಕು.

ಅಮೆರಿಕದಲ್ಲಿ ಮೊಜಾವೆ ಮರುಭೂಮಿಯ ಆಮೆಯನ್ನು 1990ರಲ್ಲಿ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದಾಗ, ಕಾರಣಗಳಲ್ಲಿ ಈ ಉಸಿರಾಟದ ಕಾಯಿಲೆಯೂ ಒಂದಾಗಿತ್ತು. ನಮ್ಮ ದರೋಜಿ ಕರಡಿಧಾಮದ ಕುರುಚಲು ಕಾಡಿನಲ್ಲೂ ನಕ್ಷತ್ರ ಆಮೆಗಳಿವೆ, ಚಿಪ್ಪಿನ ಮೇಲೆ ನಕ್ಷತ್ರದಂಥ ಹಳದಿ ಗೆರೆಗಳಿರುವ ನಮ್ಮ ನಾಡಿನದೇ ನೆಲದ ಆಮೆ ಇದು. ಸಾಕಿದ ಆಮೆಯನ್ನು, ಅದರಲ್ಲೂ ಕಾಯಿಲೆಯ ಆಮೆಯನ್ನು, ಪುಣ್ಯ ಎಂದುಕೊಂಡು ಅಲ್ಲಿಗೋ ತುಂಗಭದ್ರೆಯ ಕಾಲುವೆಗೋ ಬಿಡಬೇಡಿ. ರೋಗವೂ ಅದರ ಜೊತೆ ಹೋಗುತ್ತದೆ.

ನಿಮ್ಮ ಮನೆಯಲ್ಲಿರುವುದು ನಕ್ಷತ್ರ ಆಮೆಯೇ ಆಗಿದ್ದರೆ, ಮನೆಯಲ್ಲಿಟ್ಟು ಚಿಕಿತ್ಸೆ ಮಾಡುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಸಾಕುವುದು ಅಪರಾಧ. ಬೆಚ್ಚಗೆ ಪೆಟ್ಟಿಗೆಯಲ್ಲಿಟ್ಟು ಅರಣ್ಯ ಇಲಾಖೆಗೆ ಒಪ್ಪಿಸಿ. ಸಲ್ಕಾಟಾದಂಥ ವಿದೇಶಿ ಜಾತಿಗೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಬೇಕು. ಆ ಕಾಗದ ಇದ್ದರೆ ಡಾಕ್ಟರ್ ಬಳಿ ಹೋಗಲು ಹೆದರಿಕೆ ಇರುವುದಿಲ್ಲ. ಹೆದರಿ ತಡ ಮಾಡಿದರೆ ಸಾಯುವುದು ಆಮೆ.

ವಾಸಿಯಾದ ಮೇಲೆ

ಗುಂಡನಿಗೆ ಪೂರ್ತಿ ಎರಡು ತಿಂಗಳು ಬೇಕಾಯಿತು. ಕೊನೆಯ ಇಂಜೆಕ್ಷನ್ ಆದ ಮೇಲೆ ಇನ್ನೊಂದು ಎಕ್ಸ್‌ರೇ ತೆಗೆಸಿದೆವು. ಬಲಗಡೆ ತಿಳಿಯಾಗಿತ್ತು. ಅಲ್ಲಿಂದ ಶಾಖವನ್ನು ಒಮ್ಮೆಗೇ ತೆಗೆಯಲಿಲ್ಲ. ವಾರಕ್ಕೆ ಒಂದೆರಡು ಡಿಗ್ರಿಯಂತೆ ಇಳಿಸಿದೆವು. ಹೊರಗೆ ಬಿಟ್ಟದ್ದು ಮಾರ್ಚ್‌ನಲ್ಲಿ, ಬೆಳಗಿನ ಜಾವದ ತಾಪಮಾನ 22 ದಾಟಿದ ಮೇಲೆ.

ಈಗ ನವೆಂಬರ್ ಮೊದಲ ವಾರ ಬಂತೆಂದರೆ ಥರ್ಮಾಮೀಟರ್‌ಗಳ ಬ್ಯಾಟರಿ ಬದಲಿಸುತ್ತೇನೆ, ಹೀಟರ್ ಒಂದು ರಾತ್ರಿ ಉರಿಸಿ ನೋಡುತ್ತೇನೆ, ನೆಲದ ಥರ್ಮೋಕೋಲ್ ಹೊಸದು ಹಾಕುತ್ತೇನೆ. ಬೆಳಗಿನ ಜಾವ ನಾಲ್ಕು ಗಂಟೆಗೆ ಒಮ್ಮೆ ಎದ್ದು ಗೂಡಿನ ತಾಪಮಾನ ನೋಡುತ್ತೇನೆ. ಚಳಿ ಜೋರಾಗುವ ಹೊತ್ತು ಅದು. ಆಗ ಗೂಡಿನೊಳಗೆ 27 ಇದ್ದರೆ ಮತ್ತೆ ಮಲಗುತ್ತೇನೆ.